ಊಟದ ನಂತರ ಎರಡು ಅಧ್ಯಾಯ

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಅವರು ಉದ್ದ ಬಿಟ್ಟಿದ್ದರು. ಮಾತ್ರೆಯ ಹಾಳೆಯನ್ನು ಕತ್ತರಿಯಿಲ್ಲದೆ ಅದೇ ಉಗುರಿನಿಂದ ಸರ್ರನೆ ಸೀಳಿ, ಕೇಳಿದಷ್ಟನ್ನು ಬೇರ್ಪಡಿಸಿ ಕೊಡುತ್ತಿದ್ದರು. ಆದರೆ ಪುಸ್ತಕ ಕೈಗೆ ಬಂತೆಂದರೆ ಆ ಹೆಬ್ಬೆರಳು ಮುಷ್ಟಿಯೊಳಗೆ ಅಡಗುತ್ತಿತ್ತು. ಹಾಳೆಗೆ ಗೀರು ಬಿದ್ದೀತೆಂದು ಕಿರುಬೆರಳ ತುದಿಯಲ್ಲಿ ಪುಟ ತಿರುವುತ್ತಿದ್ದರು. ಶಿರಸಿ ಪೇಟೆಯ ಆ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿನ ಸಾಲಿನ ಹಿಂದೆ ಡ್ರ್ಯಾಗನ್ನುಗಳೂ, ಗಗನನೌಕೆಗಳೂ, ಮೂರು ಚಂದ್ರರಿರುವ ಲೋಕಗಳೂ ಇದ್ದವೆಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ನಾವು ಅವರನ್ನು ಮೆಡಿಕಲ್ ಅಕ್ಕ ಎನ್ನುತ್ತಿದ್ದೆವು.

ನಾನು ಹುಟ್ಟಾ ಅಂಜುಬುರುಕಿ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮಕ್ಕಳ ಮುಂದೆ ಗದರುತ್ತೇನೆ, ಆದರೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸು ಓಡಿದ ದಿನಗಳಿಗೆ ಲೆಕ್ಕವಿಲ್ಲ. ಒಂದು ವರ್ಷ ನಿದ್ದೆಯೇ ಕೈಕೊಟ್ಟಿತು. ಸಿದ್ದಾಪುರದಲ್ಲಿ ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಶಿರಸಿಗೆ ಹೋಗಿ, ಮೆಲ್ಲಗೆ ಕೌಂಟರಿನ ಮೇಲೆ ಬಾಗಿ ನಿದ್ದೆ ಮಾತ್ರೆ ಕೇಳಿದೆ. ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಚೀಟಿ ಇಲ್ದೆ ಕೊಡ್ತಿಲ್ಲೆ. ಎಂತಕ್ಕೆ ನಿದ್ದೆ ಬತ್ತಿಲ್ಲೆ ನಿಂಗೆ?”

“ಹೆದರಿಕೆ,” ಎಂದೆ. ಯಾವುದರ ಹೆದರಿಕೆ ಎಂದರೆ ಹೇಳಲು ನನಗೂ ಗೊತ್ತಿರಲಿಲ್ಲ.

ಅವರು ಹಿಂದಕ್ಕೆ ಕೈಚಾಚಿ ಒಂದು ದಪ್ಪ ಪುಸ್ತಕ ತೆಗೆದು, ಔಷಧಿಯ ಕಂದು ಕಾಗದದ ಚೀಲಕ್ಕೆ ತುರುಕಿ, ಮೇಲೆ ಪೆನ್ನಿನಲ್ಲಿ ಬರೆದರು: ಊಟದ ನಂತರ ಎರಡು ಅಧ್ಯಾಯ. “ಇದ್ರಲ್ಲಿ ಒಂದು ಊರಿದ್ದು. ಅದ್ರ ತಲೆ ಮೇಲೆ ಡ್ರ್ಯಾಗನ್ನು ಸುತ್ತತಾ ಇದ್ದು. ನಿನ್ನ ಹೆದರಿಕೆ ಸ್ವಲ್ಪ ದಿನ ಆ ಊರವ್ಕೆ ಕೊಟ್ಟು ನೋಡು,” ಎಂದರು. ನಾನು ಪೆಚ್ಚಾಗಿ ಹಣ ಕೊಡಹೋದರೆ, “ವಾಪಸ್ ತಂದ್ರೆ ಸಾಕು,” ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದರು. ಆ ವಾರ ನಾನು ಹೆದರಿದ್ದು ನಿಜ, ಆದರೆ ಆ ಊರಿನ ಕೋಟೆಗೋಡೆಗಾಗಿ. ಗ್ಯಾಸಿನ ನೆನಪೇ ಆಗಲಿಲ್ಲ.

ಹೀಗೆ ಅವರ ಓದುಗರ ಬಳಗಕ್ಕೆ ಸೇರಿದೆ. ಬಳಗವೆಂದರೆ ಮುಖ್ಯವಾಗಿ ಮೂವರು: ಶಿರಸಿಯಲ್ಲಿ ಅಕ್ಕ, ಸಿದ್ದಾಪುರದಲ್ಲಿ ನಾನು, ಯಲ್ಲಾಪುರದಲ್ಲಿ ಮೋಟಾರು ರಿಪೇರಿಯ ಒಬ್ಬ ಅಣ್ಣ. ಪುಸ್ತಕಗಳು ಬಸ್ಸಿನಲ್ಲಿ ಕಂಡಕ್ಟರರ ಕೃಪೆಯಿಂದ ಓಡಾಡುತ್ತಿದ್ದವು. ಮಾತುಕತೆ ಫೋನಿನ ಗುಂಪಿನಲ್ಲಿ. ಅಲ್ಲಿ ಅಕ್ಕನದು ಒಂದೇ ಕಟ್ಟಪ್ಪಣೆ. ಉಳಿದವರು ಓದಿ ಮುಗಿಸುವ ತನಕ ಕೊನೆ ಹೇಳಕೂಡದು. ಹೇಳುವುದಿರಲಿ, ಮುಖದ ಮೇಲೂ ಕಾಣಿಸಕೂಡದು. ಅವರ ಮುಖವೋ ತೆರೆದ ಕಿಟಕಿ. ದುಃಖದ ಕೊನೆಯಿರುವ ಪುಸ್ತಕ ಕೊಡುವಾಗ ಅವರು ಮಾಸ್ಕ್ ಏರಿಸುತ್ತಾರೆಂಬುದನ್ನು ನಾವು ಪತ್ತೆಹಚ್ಚಿದ ಮೇಲೆ ಎಲ್ಲ ಪುಸ್ತಕಕ್ಕೂ ಮಾಸ್ಕ್ ಹಾಕತೊಡಗಿದರು.

ಇನ್ನೊಂದು ಅವರದೇ ಪದ್ಧತಿ ಇತ್ತು. ಆ ಕತೆಗಳ ಹೆಸರುಗಳು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. “ಈ ಹೆಸರು ಹೇಳಕ್ಕೆ ಹೋದ್ರೆ ಹಲ್ಲಿನ ಸೆಟ್ ಹೊರಗೆ ಬತ್ತು,” ಎಂದು ಅಕ್ಕ ಪಾತ್ರಗಳಿಗೆಲ್ಲ ನೆಂಟಸ್ತಿಕೆ ಹಚ್ಚಿಬಿಟ್ಟರು. ಬೆಂಕಿ ಉಗುಳುವ ಹೆಣ್ಣು ಡ್ರ್ಯಾಗನ್ನು ಅತ್ತೆ. ಚಾರ್ಜಿಗೆ ಕುಳಿತರೆ ಏಳದ ಯಂತ್ರಮಾನವ ಅಳಿಯ. ನಾವು ವರ್ಷಗಟ್ಟಲೆ ಓದಿದ ಒಂದು ದೀರ್ಘ ಕಾದಂಬರಿಮಾಲೆಯಲ್ಲಿ, ಮುರುಕು ಗಗನನೌಕೆಯಲ್ಲಿ ಜನರನ್ನು ತುಂಬಿಕೊಂಡು ಹೊಸ ಗ್ರಹ ಹುಡುಕುತ್ತ ಹೋಗುವ ತಮಾಷೆಗಾರ ಕಪ್ತಾನ ಭಾವ. ಒಮ್ಮೆ ಬಸ್ಸಿನಲ್ಲಿ ನಾನು ಫೋನಿಗೆ, “ಅತ್ತೆ ಸಿಟ್ಟು ಬಂದು ಮೂರು ಊರು ಸುಟ್ಟಳು ಅಕ್ಕಾ,” ಎಂದರೆ ಪಕ್ಕದ ಅಜ್ಜಿ ನಿಟ್ಟುಸಿರಿಟ್ಟು, “ನಮ್ಮನೆ ಅತ್ತೇನೂ ಹಾಂಗೇ ಇತ್ತು ತಂಗೀ,” ಎಂದಿದ್ದರು.

ತೊಡಕೆಂದರೆ ನಮಗೆ ಇನ್ನೊಬ್ಬ ಭಾವ ಇದ್ದರು, ಅಕ್ಕನ ಗಂಡ. ಅಕ್ಕನ ಗಂಡ ಭಾವನಲ್ಲದೆ ಮತ್ತೇನು? ಅವರು ಪುಸ್ತಕ ಮುಟ್ಟುವವರಲ್ಲ. ಅಂಗಡಿಯ ಒಳಗೆ ಪೆಟ್ಟಿಗೆ ಒಡೆದು ಔಷಧಿ ಜೋಡಿಸುತ್ತ, “ಆ ಭಾವಂದೇ ಚಿಂತೆ ಎಲ್ಲರಿಗೂ. ಈ ಭಾವಂಗೆ ಒಂದು ಚಾ ಇಲ್ಲೆ,” ಎಂದು ಗೊಣಗುತ್ತಿದ್ದರು. ಎದೆಯ ತೊಂದರೆ ಅವರಿಗೆ ಮೊದಲೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಅಕ್ಕ ಗಿರಾಕಿಯ ಜೊತೆ ಮಾತಾಡುತ್ತಲೇ ಒಳಗಿನ ಉಸಿರಿಗೆ ಕಿವಿಗೊಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆ ಮಾಲೆಯ ಕೊನೆಯ ಸಂಪುಟ ಬಂತು. ತರಿಸಿದ್ದು ಯಲ್ಲಾಪುರದ ಅಣ್ಣ, ಪಾರ್ಸೆಲ್ ಬಂದದ್ದು ಎಂದಿನಂತೆ ಅಕ್ಕನ ಅಂಗಡಿಗೆ. “ಎಂಗೆ ಪುರಸೊತ್ತಿಲ್ಲೆ, ನಿಂಗ ಓದಿ ಆದ್ಮೇಲೆ ಕೊಡಿ,” ಎಂದು ಅಕ್ಕ ಅದನ್ನು ಯಲ್ಲಾಪುರಕ್ಕೆ ಕಳಿಸಿದರು. ಅಲ್ಲಿಂದ ನನಗೆ ಬಂತು. ಓದಿ ಮುಗಿಸಿ ನಾನು ಕಲ್ಲಾದೆ. ಭಾವ ಸಾಯುತ್ತಾನೆ. ನೌಕೆಯ ಗಾಳಿ ಸೋರುತ್ತದೆ, ಉಳಿದವರನ್ನು ಉಳಿಸಲು ಆತ ಹೊರಗಿನಿಂದ ಬಾಗಿಲು ಹಾಕಿಕೊಳ್ಳುತ್ತಾನೆ, ಉಸಿರು ಕಟ್ಟಿ ಹೋಗುತ್ತಾನೆ.

ಇದನ್ನು ಅಕ್ಕನಿಗೆ ಹೇಗೆ ಕೊಡುವುದು? ಮನೆಯಲ್ಲಿ ಏದುಸಿರು ಬಿಡುವ ಗಂಡ, ಕೈಯಲ್ಲಿ ಉಸಿರು ಕಟ್ಟುವ ಭಾವ. ಮೊದಲೇ ಎಚ್ಚರಿಸೋಣವೆಂದರೆ ಅವರದೇ ಕಟ್ಟಪ್ಪಣೆ ಅಡ್ಡ. ಇವತ್ತು ಕೊಡೋಣ, ನಾಳೆ ಕೊಡೋಣ ಎನ್ನುತ್ತ ವಾರಗಳನ್ನು ತಳ್ಳಿದೆ. ಕಡೆಗೆ ಒಂದು ಶನಿವಾರ ಶಾಲೆ ಬಿಟ್ಟವಳೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಶಿರಸಿ ಬಸ್ ಹತ್ತಿದೆ.

ಬಸ್ಸು ಕಾನಸೂರು ದಾಟಿದಾಗ ಗುಂಪಿನಲ್ಲಿ ಅಕ್ಕನ ಸಂದೇಶ ಬಂತು. “ಭಾವಂಗೆ ಉಸಿರಾಡಲೆ ಆಗ್ತಿಲ್ಲೆ. ಎಂತ ಮಾಡವು ಗೊತ್ತಾಗ್ತಿಲ್ಲೆ.”

ಹಿಂದೆಯೇ ಯಲ್ಲಾಪುರದ ಅಣ್ಣನ ಉತ್ತರ: “ಅಂತೂ ಓದ್ಲಿಕ್ಕೆ ಶುರು ಮಾಡಿದ್ರಲ್ಲ ಅಕ್ಕಾ! ಧೈರ್ಯ ತಗೊಳ್ಳಿ, ಮುಂದಿನ ಅಧ್ಯಾಯ ಓದಿ.” ಜೊತೆಗೊಂದು ನಗುಮುಖ. ಪುಸ್ತಕ ಎಂದೋ ಅಕ್ಕನ ಕೈ ಸೇರಿದೆಯೆಂದು ಅವನ ಎಣಿಕೆ. ನಾನೂ ಅರೆಗಳಿಗೆ ಹಾಗೇ ಅಂದುಕೊಂಡೆ, ಆ ಪ್ರಸಂಗಕ್ಕೆ ಬಂದರೆಂದು. ಆಮೇಲೆ ತೊಡೆಯ ಮೇಲಿನ ಚೀಲದ ಭಾರ ತಟ್ಟಿತು. ಪುಸ್ತಕ ಇಲ್ಲಿದೆ! ಹಾಗಾದರೆ ಇದು ಕತೆಯ ಭಾವನಲ್ಲ. ಫೋನು ಮಾಡಿದರೆ ಎತ್ತಿದ್ದು ಪಕ್ಕದ ಅಂಗಡಿಯವರು. “ಬೇಗ ಬನ್ನಿ, ಆಸ್ಪತ್ರೆಗೆ ಹಾಕಿದ್ದಾರೆ,” ಎಂದರು. ಗುಂಪಿಗೆ “ಇದು ನಿಜವಾದ ಭಾವ” ಎಂದು ಬರೆದೆ. ಅಣ್ಣನ ನಗುಮುಖ ಮರುಕ್ಷಣವೇ ಅಳಿಸಿಹೋಯಿತು.

ನಾನು ಮುಟ್ಟುವಷ್ಟರಲ್ಲಿ ಹುಬ್ಬಳ್ಳಿಗೆ ಒಯ್ಯಲು ಹೇಳಿ ಆಗಿತ್ತು. ಅಕ್ಕನ ಮಗಳು ಮಂಗಳೂರಿನಿಂದ ಹೊರಟಿದ್ದಳು. ಜೊತೆಗೆ ಹೋಗಲು ಆ ಗಳಿಗೆಗೆ ಬೇರೆ ಯಾರೂ ಸಿಗದೆ ನಾನೇ ಅಂಬ್ಯುಲೆನ್ಸ್ ಹತ್ತಿದೆ. ಹೆದರುಪುಕ್ಕಲಿಯ ಕೈಗೆ ಅಕ್ಕನ ಚೀಲ, ಫೈಲು, ನೀರಿನ ಬಾಟಲಿ. ಭಾವ ಕಣ್ಣು ಮುಚ್ಚಿ ಮಲಗಿದ್ದರು, ಮುಖಕ್ಕೆ ಆಮ್ಲಜನಕದ ಮುಸುಕು. ಮುಂಡಗೋಡ ಕಡೆಯ ಡ್ರೈವರು, “ಗಟ್ಟಿ ಹಿಡ್ಕೊಳ್ರಿ ಅಕ್ಕಾರ, ರಸ್ತಾ ಸರಿ ಇಲ್ರಿ,” ಎಂದು ಕೂಗಿದರು.

ಅಕ್ಕ ಭಾವನ ಮಣಿಕಟ್ಟು ಹಿಡಿದು ಕುಳಿತಿದ್ದರು. ಎಷ್ಟೋ ಜನರ ಹೆದರಿಕೆಗೆ ಮದ್ದು ಕಟ್ಟಿಕೊಟ್ಟವರು ಹೀಗೆ ಬಾಯಿ ಒಣಗಿ ಕುಳಿತದ್ದನ್ನು ನೋಡಿ ನನಗೆ ಅಳುವೇ ಬಂತು. ಎಕ್ಕಂಬಿ ಬಂದಾಗ ಅವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಸೈರನ್ನಿನ ಮೇಲೆ ದನಿಯೆತ್ತಿ ಕೇಳಿದರು.

“ನೀನು ಕೊನೇ ಸಂಪುಟ ಓದಿದ್ಯಲೇ. ಭಾವ ಬದುಕ್ತ್ನ? ಹೇಳು.”

ನಾನು ದಂಗಾದೆ. ಕೊನೆ ಹೇಳಬೇಡಿರೆಂದು ನಮ್ಮನ್ನೆಲ್ಲ ಗದರಿದವರು! ಪುಸ್ತಕ ನನ್ನ ಚೀಲದಲ್ಲೇ ಇತ್ತು, ಅದರೊಳಗೆ ಭಾವ ಸತ್ತೇ ಇದ್ದ. ಅವರ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿತ್ತು.

“ಬದುಕ್ತಾನೆ ಅಕ್ಕಾ,” ಎಂದೆ.

“ಹ್ಯಾಂಗೆ? ಜೋರಾಗಿ ಹೇಳು, ಕೇಳ್ತಿಲ್ಲೆ.”

ಹೇಗೆಂದರೆ ಹೇಗೆ ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. ಗಾಳಿ ಸೋರಿತು, ಭಾವ ಹೊರಗೆ ಉಳಿದ, ಎಲ್ಲರೂ ಮುಗಿಯಿತೆಂದರು. ಆಗ ಮೂಲೆಯಲ್ಲಿ ಚಾರ್ಜಿಗೆ ಕುಳಿತಿದ್ದ ಅಳಿಯ ಎದ್ದ. ಎಂದೂ ಏಳದವನು ಎದ್ದು, ವೈರು ಕಿತ್ತುಕೊಂಡು, ಬಾಗಿಲು ಒಡೆದು, ಸಿಲಿಂಡರು ಹೊತ್ತು ಹೊರಟ. “ಸಿಲಿಂಡರ್ ತುಂಬಾ ಇತ್ತಾ?” ಎಂದು ಅಕ್ಕ ಕೇಳಿದರು. ತುಂಬಾ ಇತ್ತು ಎಂದೆ. “ಹೊತ್ತಿಗೆ ಮುಟ್ಟಿದ್ನ?” ಮುಟ್ಟಿದ. ಮುಸುಕು ಹಾಕಿದ. ಭಾವ ಕಣ್ಣು ಬಿಟ್ಟು, ಒಂದು ಚಾ ಇಲ್ಲವೇ ಎಂದು ಕೇಳಿದ. ಅಕ್ಕ ತಲೆದೂಗುತ್ತ ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ಬದುಕಿಸಿದೆ. ಹುಬ್ಬಳ್ಳಿ ಬರುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು.

ಭಾವ ಉಳಿದರು. ಹೃದಯದ ನಾಳಕ್ಕೆ ಏನೋ ಕೂರಿಸಿ ಕಳಿಸಿದರು, ಮತ್ತೆ ಅಂಗಡಿಯ ಒಳಗೆ ಗೊಣಗತೊಡಗಿದರು. ನನಗೆ ಮಾತ್ರ ಹೊಸ ಚಿಂತೆ ಅಂಟಿಕೊಂಡಿತು. ಅಕ್ಕ ಆ ಸಂಪುಟ ಕೇಳಿದರೆ? ಓದಿದರೆ ನನ್ನ ಸುಳ್ಳು ಬಯಲಾಗುತ್ತದೆ. ಆದರೆ ಅವರು ಕೇಳಲೇ ಇಲ್ಲ. ಬೇರೆ ಪುಸ್ತಕ ಕಟ್ಟಿಕೊಟ್ಟರು, ಬೇರೆ ಲೋಕಗಳ ಮಾತಾಡಿದರು. ಶಿರಸಿಗೆ ಹೋದಾಗಲೆಲ್ಲ ನಾನು ಭಾವನ ಉಸಿರನ್ನೇ ಆಲಿಸುತ್ತಿದ್ದೆ.

ಹೋದದ್ದು ಅಕ್ಕ. ಕಳೆದ ವರ್ಷ ಒಂದು ಬೆಳಿಗ್ಗೆ ತಿಂಡಿ ತಿಂದು, ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ಜಗಲಿಯಲ್ಲಿ ಕುಸಿದರಂತೆ. ಇಷ್ಟು ವರ್ಷ ಹೆದರಿದ ನನಗೆ ಅವರ ಬಗ್ಗೆ ಹೆದರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಆ ಸಂಕಟ ಇನ್ನೂ ಇಳಿದಿಲ್ಲ.

ತಿಂಗಳ ಮೇಲೆ ಅಂಗಡಿ ತೆರೆದಿದೆಯೆಂದು ಕೇಳಿ ಹೋದೆ. ಕೌಂಟರಿನಲ್ಲಿ ಭಾವ ಕತ್ತರಿ ಹಿಡಿದು ಮಾತ್ರೆಯ ಹಾಳೆಯ ಜೊತೆ ಒದ್ದಾಡುತ್ತಿದ್ದರು. ನನ್ನನ್ನು ಕೂರಿಸಿ, ಗಿರಾಕಿಗಳು ಕರಗಿದ ಮೇಲೆ ಹೇಳಿದರು. ಹೆಂಡತಿಯನ್ನು ಈ ಕಡೆಯ ಮನೆಗಳಲ್ಲಿ ಹೇಳುವಂತೆ ಅವರು ‘ಅದು’ ಎಂದೇ ಹೇಳುತ್ತಿದ್ದರು.

“ಆ ಪುಸ್ತಕದ ಭಾವ ಸಾಯ್ತ ಅಲ್ದಾ?”

ಹೌದೆಂದು ತಲೆಯಾಡಿಸಿದೆ.

“ಪಾರ್ಸೆಲ್ ಬಂದಾಗ್ಲೇ ಅದು ಒಡೆದು ಓದಿತ್ತು. ತಡೀಲೆ ಆಜಿಲ್ಲೆ ಅದಕ್ಕೆ. ಓದಿ ಆದ್ಮೇಲೆ ಬಂದು ಎನ್ನ ಎದೆ ಮೇಲೆ ಕೈ ಇಟ್ಗಂಡು ಕುಂತ್ಗಂಡ್ತು. ಎಂತ ಆತೇ ಅಂದ್ರೆ, ಭಾವ ಹೋದ ಹೇಳ್ತು. ಮತ್ತೆ ಟೇಪು ಹಚ್ಚಿ ಯಲ್ಲಾಪುರಕ್ಕೆ ಕಳಿಸ್ತು. ಓದಿದ್ದು ಯಾರಿಗೂ ಹೇಳಡ, ಕೇಳಿದ್ರೆ ಆನು ಅತ್ತುಬಿಡ್ತೆ ಹೇಳಿತ್ತು.”

“ಹಾಗಾದ್ರೆ ಅವತ್ತು ನನ್ನ ಯಾಕೆ ಕೇಳಿದ್ರು?”

“ಎನ್ನ ಕಿವಿಗೆ ಬೀಳ್ಲಿ ಹೇಳಿ. ಕಣ್ಣು ಮುಚ್ಚಿದ್ರೂ ಎಂಗೆ ಎಚ್ಚರ ಇದ್ದಿತ್ತು ಹೇಳಿ ಅದಕ್ಕೆ ಗೊತ್ತಿತ್ತು, ಕೈ ಹಿಡಿದಿತ್ತಲೇ. ತಾನೇ ಹೇಳನ ಅಂದ್ರೆ ಅದಕ್ಕೆ ಸುಳ್ಳು ಬತ್ತಿರ್ಲಿಲ್ಲೆ. ನೀನು ಹೇಳ್ತೆ ಹೇಳಿ ನಂಬಿಕೆ ಇತ್ತು.” ಭಾವ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. “ಇಬ್ರೂ ಸುಳ್ಳು ಹೇಳ್ತಾ ಇದ್ದಿ ಹೇಳಿ ಎಂಗೆ ಗೊತ್ತಿತ್ತು. ಆದ್ರೂ ಕೇಳಲೆ ಚೊಲೋ ಆಗಿತ್ತು ಮಾರಾಯ್ತಿ.”

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಸಿದ್ದಾಪುರದ್ದೇ ಇರಬೇಕು. ನಾನು ಏಳಲಿಲ್ಲ.

“ಸೈರನ್ ಗಲಾಟೆಲಿ ಅರ್ಧ ಕೇಳಿದ್ದಿಲ್ಲೆ,” ಎಂದರು ಭಾವ, ಸ್ಟೂಲನ್ನು ಹತ್ತಿರ ಎಳೆದುಕೊಂಡು. “ಅಂವ ಹ್ಯಾಂಗೆ ಬದುಕಿದ, ಇನ್ನೊಂದ್ಸಲ ಹೇಳು.”

ಹೇಳಿದೆ.