ಅಮ್ಮನ ಒಂದು ಹಿಡಿ ಮಣ್ಣು

ಗಲ್ಫಿನ ಸೀಬ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಮಲ್ಲಿಗೆ ಗಿಡ ಉಂಟು. ಶಂಕರಪುರದ ಮಲ್ಲಿಗೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದಾಗ, ಬೇರಿಗಂಟಿದ ಅಂಗಳದ ಕೆಂಪು ಮಣ್ಣಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಈ ಬಿಸಿಲಿಗೆ ಬದುಕುವುದಿಲ್ಲ ಎಂದು ನನ್ನ ಗಂಡ ಹೇಳಿದ್ದರು. ಬದುಕಿತು. ಹೂ ಮಾತ್ರ ತೀರಾ ಕಡಿಮೆ. ಬಿಟ್ಟರೆ ನಾಲ್ಕೋ ಐದೋ ಮೊಗ್ಗು. ಕಟ್ಟಲು ಸಾಲದೆಂದು ಅಮ್ಮ ಅವನ್ನು ಬಿಡಿಬಿಡಿಯಾಗಿ ಅಕ್ಕನ ಫೋಟೋದ ಮುಂದೆ ಇಡುತ್ತಾಳೆ.

ನಾನು ಸ್ಪೇನಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಮ್ಮ ಆ ಕುಂಡದ ಮುಂದೆ ಮಣೆ ಹಾಕಿ ಕೂತಿದ್ದಳು. ಪಕ್ಕದಲ್ಲಿ ತೊಳೆದು ಒಣಗಿಸಿದ ಉಪ್ಪಿನಕಾಯಿಯ ಗಾಜಿನ ಬಾಟಲಿ. ಗಿಡದ ಬುಡದಿಂದ ಸ್ವಲ್ಪ ದೂರಕ್ಕೆ ಬೆರಳಿಳಿಸಿ, ಬೇರಿಗೆ ನೋವಾಗದ ಹಾಗೆ ಒಂದು ಹಿಡಿ ಮಣ್ಣು ತೆಗೆದಳು. ಮುಷ್ಟಿ ಮುಚ್ಚಿ ಕಣ್ಣು ಮುಚ್ಚಿ ಒಂದಷ್ಟು ಹೊತ್ತು ಕೂತಳು. ಆಮೇಲೆ ಬಾಟಲಿಗೆ ಸುರಿದು ಮುಚ್ಚಳ ಬಿಗಿ ಮಾಡಿ ನನ್ನ ಕೈಗಿಟ್ಟಳು.

"ನನ್ನ ಕೈಯಿಂದಲೇ ಹಾಕಿದ ಹಾಗೆ ಹಾಕು ಮಗಾ. ಚೆಲ್ಲಬೇಡ. ಮೆಲ್ಲ."

ಪಕ್ಕದಲ್ಲಿ ಶಾಲೆಯ ಶೂ ಹಾಕಿಕೊಳ್ಳುತ್ತಿದ್ದ ನನ್ನ ಮಗಳು ತಲೆಯೆತ್ತಿದಳು. ಅವಳಿಗೆ ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಗ್ರ್ಯಾಂಡ್‌ಮಾ, ದೇ ವಿಲ್ ಅರೆಸ್ಟ್ ಮಮ್ಮಿ ಫಾರ್ ಮಡ್!"

"ಅರೆಸ್ಟ್ ಮಾಡಲಿ. ಮಣ್ಣೆಂತ ಬಾಂಬಾ?" ಎಂದಳು ಅಮ್ಮ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಕಾನ್ವೆಂಟಿಗೆ ಸೇರಿ ಸಿಸ್ಟರ್ ಆದಳು. ಅವಳು ಹೊರಟ ದಿನ ಬೆಳಿಗ್ಗೆಯೂ ನನಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಯೇ ಹೋದದ್ದು. ಸಂಜೆ ಶಾಲೆಯಿಂದ ಬಂದು ನಾನು ಆ ಜಡೆ ಬಿಚ್ಚಲು ಬಿಡಲಿಲ್ಲವಂತೆ. ಊರಿನ ಶಾಲೆಗಳಲ್ಲಿ ಹಲವು ವರ್ಷ ಕಲಿಸಿದ ಮೇಲೆ ಅವಳನ್ನು ಸ್ಪೇನಿಗೆ ಕಳಿಸಿದರು. ಅಲ್ಲಿ ಕಾನ್ವೆಂಟಿಗೆ ಸೇರುವ ಹುಡುಗಿಯರು ಈಗ ಇಲ್ಲ. ಇದ್ದ ಸಿಸ್ಟರುಗಳಿಗೆಲ್ಲ ವಯಸ್ಸಾಗಿದೆ. ಅವರಿಗೆ ಸ್ನಾನ ಮಾಡಿಸಲು, ಊಟ ಮಾಡಿಸಲು ನಮ್ಮ ಕಡೆಯವರನ್ನು ಕರೆಸಿಕೊಳ್ಳುತ್ತಾರೆ. ಜಿಲ್ಲೆಯ ಪಟ್ಟಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಒಂದು ಹಳ್ಳಿಯಲ್ಲಿ ಅಕ್ಕ ಅಂಥ ನಾಲ್ಕು ಅಜ್ಜಿಯರನ್ನು ನೋಡಿಕೊಂಡಿದ್ದಳು. ಹೋದ ವರ್ಷದ ಚಳಿಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಅಜ್ಜಿಯರು ಉಳಿದರು, ಅಕ್ಕ ಹೋದಳು.

ಅಲ್ಲಿ ಮರುದಿನವೇ ಅಂತ್ಯಕ್ರಿಯೆ ಮುಗಿಸುತ್ತಾರೆ. ಅಷ್ಟರೊಳಗೆ ವೀಸಾ ಆಗುವ ಮಾತೇ ಇರಲಿಲ್ಲ. ಅಕ್ಕನ ಜೊತೆಗಿದ್ದ ಮಂಗಳೂರು ಕಡೆಯ ಇನ್ನೊಬ್ಬ ಸಿಸ್ಟರ್ ಇಗರ್ಜಿಯ ಮರಣದ ಪೂಜೆಯನ್ನು ಮೊಬೈಲಿನಲ್ಲಿ ತೋರಿಸಿದರು. ಅಮ್ಮ ಸೋಫಾದಲ್ಲಿ ಅಲ್ಲ, ನೆಲದ ಮೇಲೆ ಮೊಣಕಾಲೂರಿ ಕೂತು ನೋಡಿದಳು. ಪೆಟ್ಟಿಗೆಯನ್ನು ಹೊರಗೆ ಒಯ್ಯುವಾಗ ಆ ಕಡೆ ಚಾರ್ಜ್ ಮುಗಿದು ಪರದೆ ಕಪ್ಪಾಯಿತು. ನಮ್ಮ ಪಾಲಿಗೆ ಅಕ್ಕ ಅಲ್ಲಿಗೇ ನಿಂತಳು.

ನಮ್ಮಲ್ಲಿ ಪೆಟ್ಟಿಗೆ ಗುಂಡಿಗಿಳಿದ ಮೇಲೆ ಮೊದಲು ಪಾದ್ರಿಗಳು, ಮತ್ತೆ ಮನೆಯವರು, ಮತ್ತೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ಕ್ರಮ. ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಕೇಳಿದರೆ ಮಾತ್ರ ಹೋದವರು ಹೋದದ್ದು ನಿಜವಾಗುವುದು. "ನಿನ್ನ ಅಪ್ಪನಿಗೆ ಹಾಕಿದೆ, ನನ್ನ ಅಮ್ಮನಿಗೆ ಹಾಕಿದೆ, ನನ್ನ ಜೊತೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ನೆರೆಮನೆಯವಳಿಗೂ ಹಾಕಿದೆ. ಹೆತ್ತ ಮಗಳಿಗೆ ಹಾಕಲಿಕ್ಕೆ ಆಗಲಿಲ್ಲ" ಎಂದು ಅಮ್ಮ ತರಕಾರಿ ಹೆಚ್ಚುವಾಗ ಹೇಳುವಳು, ಬಟ್ಟೆ ಮಡಚುವಾಗ ಹೇಳುವಳು. ಸಂಜೆಯ ಜಪಮಾಲೆಯ ಕೊನೆಗೆ ತೀರಿಹೋದವರ ಹೆಸರು ಒಂದೊಂದಾಗಿ ಹೇಳಿ ಬೇಡಿಕೊಳ್ಳುವ ವಾಡಿಕೆ. ಅಕ್ಕನ ಹೆಸರು ಬರುವಲ್ಲಿ ಅಮ್ಮ ನಿಂತುಬಿಡುತ್ತಿದ್ದಳು. ಸತ್ತವರ ಸಾಲಿನಲ್ಲಿ ಆ ಹೆಸರು ಅವಳ ಬಾಯಿಂದ ಬರುತ್ತಿರಲಿಲ್ಲ. ನಾವು ಕಾಯುತ್ತಿದ್ದೆವು. ಆಮೇಲೆ ನನ್ನ ಗಂಡ ಮೆಲ್ಲಗೆ ಮುಂದಿನ ಪ್ರಾರ್ಥನೆ ಶುರು ಮಾಡುತ್ತಿದ್ದರು.

ಅಮ್ಮನ ಮಂಡಿ ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ. ನನ್ನ ಗಂಡನಿಗೆ ರುಸೈಲ್‌ನ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಇಲ್ಲೇ ಹತ್ತಿರದ ಘಾಲಾದ ಇಗರ್ಜಿಗೂ ಒಬ್ಬಳೇ ಹೋಗದ ನಾನು ಮ್ಯಾಡ್ರಿಡ್‌ಗೆ ಒಬ್ಬಳೇ ಹೊರಟೆ. ಬಾಟಲಿಯನ್ನು ಇವರ ಹಳೆಯ ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಸೂಟ್‌ಕೇಸಿನ ನಡುವೆ ಇಟ್ಟೆ. ಯಾರೂ ಹಿಡಿಯಲಿಲ್ಲ.

ಆ ಹಳ್ಳಿಯನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಸೀಬ್‌ನಿಂದ ನಿಜ್ವಾಕ್ಕೆ ಹೋಗುವ ಬರಡು ದಾರಿ. ಕೊಯ್ದ ಗೋಧಿ ಹೊಲಗಳು ಕಣ್ಣು ಹೋದಷ್ಟು ದೂರ ಕಂದು ಬಣ್ಣ. ಮರವೇ ಇಲ್ಲ ಎನ್ನಬೇಕು. ಕಲ್ಲಿನ ಮನೆಗಳು, ಮುಕ್ಕಾಲು ಪಾಲಿನ ಕಿಟಕಿಗಳು ಮುಚ್ಚಿವೆ. ಕಿಟಕಿ ಮುಚ್ಚಿದ್ದರೂ ಕೆಲವು ಬಾಗಿಲುಗಳ ಮುಂದಿನ ಮೆಟ್ಟಿಲು ತೊಳೆದು ಹೊಳೆಯುತ್ತಿತ್ತು. ಅದರಿಂದಲೇ ಒಳಗೆ ಯಾರೋ ಇದ್ದಾರೆಂದು ತಿಳಿಯುವುದು. ಇಗರ್ಜಿಯ ಗೋಪುರದ ಮೇಲೆ ಕೊಕ್ಕರೆಯ ದೊಡ್ಡ ಗೂಡು, ಕೊಕ್ಕರೆ ಇರಲಿಲ್ಲ.

ಬಸ್ಸಿನ ಹತ್ತಿರ ಕಾಯುತ್ತಿದ್ದ ಸಿಸ್ಟರ್, ಅಂದು ಪೂಜೆಯನ್ನು ಮೊಬೈಲಿನಲ್ಲಿ ತೋರಿಸಿದವರೇ, ನನ್ನ ಸೂಟ್‌ಕೇಸನ್ನು ಕಿತ್ತುಕೊಂಡರು. "ಈ ಊರಲ್ಲಿ ಸದ್ದು ಬೇಕಾದರೆ ಬ್ರೆಡ್ಡಿನ ವ್ಯಾನ್ ಬರಬೇಕು ಮಾರಾಯ್ತಿ. ಅದು ಹಾರ್ನ್ ಹೊಡೆದರೆ ನಮಗೆ ಹಬ್ಬ!" ಎಂದು ನಕ್ಕರು. ನಕ್ಕು, ನನ್ನ ಮುಖವನ್ನು ಸರಿಯಾಗಿ ನೋಡಿ, ನಗುವುದನ್ನು ನಿಲ್ಲಿಸಿದರು. "ಅವಳದ್ದೇ ಮೂಗು."

ಕಾನ್ವೆಂಟಿನಲ್ಲಿ ಆ ಮೂಗಿನಿಂದ ಇನ್ನೊಂದು ಪ್ರಸಂಗವಾಯಿತು. ನಾಲ್ವರು ಅಜ್ಜಿಯರಲ್ಲಿ ಎಲ್ಲರಿಗಿಂತ ಹಿರಿಯರು ಗಾಲಿಕುರ್ಚಿಯಲ್ಲಿದ್ದರು. ನಾನು ಒಳಗೆ ಬಂದದ್ದೇ ಅವರ ಮುಖ ಅರಳಿತು. ಅಕ್ಕನ ಕಾನ್ವೆಂಟಿನ ಹೆಸರು ಕರೆದು, ಸ್ವಲ್ಪ ಸಿಟ್ಟಿನಲ್ಲಿ ಏನೋ ಹೇಳಿ, ಎಡಗಾಲನ್ನು ನನ್ನ ಕಡೆ ಚಾಚಿದರು. ನನಗೆ ತಿಳಿಯಲಿಲ್ಲ. "ಇಷ್ಟು ದಿನ ಎಲ್ಲಿಗೆ ಹೋಗಿದ್ದಿ ಅಂತ ಬೈಯುದು. ನಿಮ್ಮ ಅಕ್ಕ ದಿನಾ ಅವರ ಕಾಲಿಗೆ ತೆಂಗಿನೆಣ್ಣೆ ಉಜ್ಜುತ್ತಿದ್ದಳು" ಎಂದರು ಸಿಸ್ಟರ್. ಕಪಾಟಿನಲ್ಲಿ ಎಣ್ಣೆ ಇನ್ನೂ ಇತ್ತು, ಚಳಿಗೆ ಬಿಳಿಯಾಗಿ ಗಟ್ಟಿಯಾಗಿತ್ತು. ನಾನು ಅಂಗೈಯಲ್ಲಿ ಕರಗಿಸಿ ಉಜ್ಜಿದೆ. ಅಜ್ಜಿ ಕಣ್ಣು ಮುಚ್ಚಿದರು. ಅಮ್ಮನ ಮಂಡಿಗೆ ನಾನು ದಿನಾ ಉಜ್ಜುವುದೂ ಅದೇ ಎಣ್ಣೆ. ಅಕ್ಕ ತನ್ನ ತಾಯಿಗೆ ಮಾಡಬೇಕಾದದ್ದನ್ನು ಇಲ್ಲಿ ಯಾರಿಗೋ ಮಾಡಿದಳಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಅದನ್ನು ಈಗ ಬರೆಯುವಾಗಲೂ ನಾಚಿಕೆ.

ಮರುದಿನ ಬೆಳಿಗ್ಗೆ ಸ್ಮಶಾನಕ್ಕೆ ಹೋದೆವು. ಹಳ್ಳಿಯ ಹೊರಗೆ ಸುಣ್ಣ ಬಳಿದ ಎತ್ತರದ ಗೋಡೆ, ಕಬ್ಬಿಣದ ಗೇಟು. ಬಾಟಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಒಳಗೆ ಹೋಗಿ ನಾನು ನೆಲ ನೋಡುತ್ತಾ ನಡೆದೆ. ನೆಲಕ್ಕೆಲ್ಲ ಸಿಮೆಂಟು. ನಾನು ಹುಡುಕುತ್ತಿದ್ದದ್ದು ಒಂದು ದಿಬ್ಬ, ಒಂದು ಶಿಲುಬೆ.

"ಅಲ್ಲಲ್ಲ, ಇಲ್ಲಿ" ಎಂದು ಸಿಸ್ಟರ್ ಗೋಡೆಯ ಕಡೆ ಕೈ ತೋರಿಸಿದರು.

ಆ ಗೋಡೆಯೇ ಸಮಾಧಿ. ನಮ್ಮ ಕಟ್ಟಡದ ಕೆಳಗಿನ ಟಪ್ಪಾಲು ಪೆಟ್ಟಿಗೆಗಳ ಹಾಗೆ ಒಂದರ ಮೇಲೊಂದು ನಾಲ್ಕು ಸಾಲು ಗೂಡುಗಳು. ಪೆಟ್ಟಿಗೆಯನ್ನು ಒಳಗೆ ತಳ್ಳಿ, ಇಟ್ಟಿಗೆ ಕಟ್ಟಿ, ಮೇಲೊಂದು ಕಲ್ಲಿನ ಹಲಗೆ ಕೂರಿಸುತ್ತಾರೆ. ಅಕ್ಕ ಕೆಳಗಿನಿಂದ ಎರಡನೇ ಸಾಲಿನಲ್ಲಿದ್ದಳು, ನನ್ನ ಎದೆಯ ಎತ್ತರಕ್ಕೆ. ಕಲ್ಲಿನ ಮೇಲೆ ಅವಳ ಕಾನ್ವೆಂಟಿನ ಹೆಸರು. ಅಮ್ಮ ಒಮ್ಮೆಯೂ ಕರೆಯದ ಹೆಸರು.

"ಮಣ್ಣು?" ಎಂದೆ.

"ಇಲ್ಲಿ ಮಣ್ಣು ಹಾಕುವ ಕ್ರಮ ಇಲ್ಲ" ಎಂದರು ಸಿಸ್ಟರ್. "ನಾನು ಫೋನಿನಲ್ಲಿ ಹೇಳಬೇಕಿತ್ತು. ನಿಮ್ಮ ಅಮ್ಮ ಕೇಳುವಾಗ ಬಾಯಿ ಬರಲಿಲ್ಲ."

ಕಲ್ಲಿನ ಮುಂದೆ ನಾಲ್ಕು ಬೆರಳಗಲದ ಒಂದು ಅಂಚು ಇತ್ತು, ಹೂವಿನ ಲೋಟ ಇಡಲು. ನಾನು ಬಾಟಲಿ ತೆರೆದೆ. ಬೆಳಿಗ್ಗೆಯ ಚಳಿಯಲ್ಲಿ ನಮ್ಮ ಬಾಲ್ಕನಿಯ ವಾಸನೆ ಒಂದು ಸಲ ಬಂದು ಹೋಯಿತು. ಒಂದು ಚಿಟಿಕೆ ತೆಗೆದು ಅಂಚಿನ ಮೇಲೆ ಇಟ್ಟೆ. ಮೆಲ್ಲ. ಸದ್ದೇ ಆಗಲಿಲ್ಲ. ಬಿಳಿ ಕಲ್ಲಿನ ಮೇಲೆ ಕೆಂಪು ಮಣ್ಣು ಒಂದು ಬೊಟ್ಟಿನ ಹಾಗೆ ಕಂಡಿತು. ಇನ್ನೊಂದು ಚಿಟಿಕೆ ತೆಗೆಯುವುದರೊಳಗೆ ಹಿಂದಿನಿಂದ ಯಾರೋ ಮಾತಾಡಿದರು.

ಕಪ್ಪು ಸ್ವೆಟರಿನ ಒಬ್ಬ ಮುದುಕಿ. ಒಂದು ಕೈಯಲ್ಲಿ ಬಕೆಟು, ಇನ್ನೊಂದರಲ್ಲಿ ಬಟ್ಟೆ. ಪಕ್ಕದ ಗೂಡಿನಲ್ಲಿ ಅವಳ ಗಂಡನಂತೆ. ವಾರಕ್ಕೊಮ್ಮೆ ಬಂದು ಒರೆಸಿ ಹೋಗುವುದು ಇಲ್ಲಿಯ ಹೆಂಗಸರ ಕ್ರಮವಂತೆ. ದೂಳು ಕೂರಲು ಬಿಟ್ಟರೆ ಸತ್ತವರನ್ನು ಮರೆತ ಹಾಗೆ. ಯಾರೂ ಇಲ್ಲದವರ ಕಲ್ಲನ್ನು ಪಕ್ಕದವರು ಒರೆಸುತ್ತಾರೆ. ಅಕ್ಕನದ್ದನ್ನು ಇಷ್ಟು ದಿನ ಒರೆಸಿದ್ದೂ ಇವಳೇ. ನಾನು ತಂಗಿ ಎಂದು ಸಿಸ್ಟರ್ ಹೇಳಿದಾಗ ಅವಳು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಸವರಿದಳು. ಆಮೇಲೆ ಅಂಚಿನ ಮೇಲಿನ ಮಣ್ಣು ಕಂಡು, ಪಾಪ, ದೂರದಿಂದ ಬಂದವಳ ಮುಂದೆ ನಮ್ಮ ಊರಿನ ಮರ್ಯಾದೆ ಹೋಯಿತೆನ್ನುವ ಹಾಗೆ ತುಟಿ ಕಚ್ಚಿಕೊಂಡು, ಒಂದೇ ಸಲಕ್ಕೆ ಒರೆಸಿಬಿಟ್ಟಳು. ಬಟ್ಟೆಯನ್ನು ಬಕೆಟಿನಲ್ಲಿ ಹಿಂಡಿ, ಮತ್ತೆ ಮೂಲೆಮೂಲೆಗೆ ಬೆರಳು ಹಾಕಿ ಒರೆಸಿದಳು. ಅಕ್ಷರಗಳ ಸಂದಿಯನ್ನೂ ಬಿಡಲಿಲ್ಲ.

ಸೀಬ್‌ನಲ್ಲಿ ದಿನ ಬೆಳಗಾದರೆ ಮೇಜು, ಕಿಟಕಿ, ಅಕ್ಕನ ಫೋಟೋದ ಗಾಜು ಎಂದು ದೂಳು ಒರೆಸುತ್ತಲೇ ಬದುಕುವವಳು ನಾನು. ಅವಳ ಕೈ ನನ್ನದೇ ಕೈ. "ಗ್ರಾಸಿಯಾಸ್" ಎಂದೆ. ಕಲಿತು ಹೋಗಿದ್ದದ್ದು ಥ್ಯಾಂಕ್ಸ್ ಎನ್ನುವ ಅದೊಂದೇ ಪದ. ಬಾಟಲಿಯ ಮುಚ್ಚಳ ಹಾಕಿದೆ.

ಆಗಲೇ ಅಮ್ಮನ ಫೋನು ಬಂತು. ಗೋಡೆ ಕಾಣದಿರಲೆಂದು ವಿಡಿಯೋ ಆಫ್ ಮಾಡಿದೆ.

"ಹಾಕಿದಿಯಾ ಮಗಾ?"

"ಹಾಕಿದೆ ಅಮ್ಮ."

"ಅಲ್ಲಿಯ ಮಣ್ಣು ಒದ್ದೆ ಉಂಟಾ?"

"ಉಂಟು."

ಆ ಕಡೆ ಅಮ್ಮ ಅತ್ತಳು. ಒಂದು ಭಾರ ಇಳಿಸಿಟ್ಟವರ ಅಳು. ಸಿಸ್ಟರ್ ನನ್ನನ್ನು ನೋಡದೆ ಗೇಟಿನ ಕಡೆ ನಡೆದರು. ಮರುದಿನ ನನ್ನ ಗಂಡ ಫೋನು ಮಾಡಿ ಹೇಳಿದರು, ಸಂಜೆಯ ಜಪಮಾಲೆಯಲ್ಲಿ ಅಮ್ಮ ಅಕ್ಕನ ಹೆಸರು ಹೇಳಿದಳಂತೆ. ಅಪ್ಪನ ಹೆಸರಿನ ನಂತರ, ಸ್ಪಷ್ಟವಾಗಿ. ಕಾನ್ವೆಂಟಿನ ಶಾಲೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಮೊಣಕಾಲೂರಿ ನಿಂತದ್ದು ನೆನಪಾಯಿತು. ಈ ಸುಳ್ಳನ್ನು ಪಾಪನಿವೇದನೆಯಲ್ಲಿ ಹೇಳುವುದೋ ಬೇಡವೋ ಎಂದು ವಿಮಾನದಲ್ಲಿ ಇಡೀ ದಾರಿ ಯೋಚಿಸಿದೆ. ಮಣ್ಣನ್ನು ಕಾನ್ವೆಂಟಿನ ಹಿತ್ತಿಲಲ್ಲಾದರೂ ಸುರಿದು ಬರಬಹುದಿತ್ತು. ಕೈ ಬರಲಿಲ್ಲ. ಅಮ್ಮ ಹೇಳಿದ್ದು ಹಿತ್ತಿಲಿಗಲ್ಲ.

ಸೀಬ್‌ಗೆ ಬಂದ ದಿನ ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಅಮ್ಮ ನನ್ನ ಸೂಟ್‌ಕೇಸ್ ಬಿಚ್ಚಿದ್ದಳು. ಒಗೆಯುವ ಬಟ್ಟೆ ಒಂದು ಕಡೆ, ಮಡಚಿದ್ದು ಒಂದು ಕಡೆ. ಆ ಉಣ್ಣೆಯ ಕಾಲುಚೀಲ ಅವಳ ಮಡಿಲಲ್ಲಿತ್ತು. ಬಾಟಲಿ ಕೈಯಲ್ಲಿ.

"ಇದೆಂತದು?"

ಒದ್ದೆ ಕೂದಲಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಸಿಮೆಂಟು, ಗೂಡು, ಅಂಚು, ಬಟ್ಟೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಗೋಡೆಯೊಳಗಾ?" ಎಂದಳು. ಕಾಲುಚೀಲವನ್ನು ಮಡಚುತ್ತಾ, "ಎಲ್ಲರನ್ನೂ ಹಾಗೆಯಾ?"

"ಎಲ್ಲರನ್ನೂ."

"ಹಾಗಾದರೆ ಅವಳಿಗೆ ಯಾರೂ ಹಾಕಲಿಲ್ಲ."

"ಇಲ್ಲ ಅಮ್ಮ. ಅಲ್ಲಿ ಯಾರೂ ಯಾರಿಗೂ ಹಾಕುವುದಿಲ್ಲ."

ಹೊರಗೆ ವಿಮಾನವೊಂದು ಇಳಿಯುವ ಸದ್ದು ಬಂತು, ಕಿಟಕಿಯ ಗಾಜು ನಡುಗಿ ನಿಂತಿತು. ಅಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಆ ಹೆಂಗಸು ಚೆನ್ನಾಗಿ ಒರೆಸಿದಳಾ?"

"ಅಕ್ಷರದ ಸಂದಿಯನ್ನೂ ಒರೆಸಿದಳು."

"ಪುಣ್ಯಾತ್ಗಿತ್ತಿ" ಎಂದಳು. ಮತ್ತೆ, "ಆ ಬಕೆಟಿನ ನೀರು ಎಲ್ಲಿ ಚೆಲ್ಲಿದಳು? ಮಣ್ಣಿಗೆ ಚೆಲ್ಲಿದಳಾ?"

ಮೆಟ್ಟಿಲು ತೊಳೆದದ್ದನ್ನೂ ಗೂಡಲ್ಲಿ ಕೊಕ್ಕರೆ ಇಲ್ಲದ್ದನ್ನೂ ನೋಡಿದ್ದೆ. ಅದೊಂದನ್ನು ನೋಡಿರಲಿಲ್ಲ. ಗೇಟಿನ ಹೊರಗೆ ಒಂದು ಮರ ಇತ್ತು, ಅದರ ಬುಡಕ್ಕೆ ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ನೋಡಲಿಲ್ಲ ಅಮ್ಮ."

ಅಮ್ಮ ತಲೆಯಾಡಿಸಿ, ಗೋಡೆ ಹಿಡಿದು ಎದ್ದು ಬಾಲ್ಕನಿಗೆ ಹೋದಳು. ಕುಂಡದಲ್ಲಿ ಅವಳು ಹಿಡಿ ಮಣ್ಣು ತೆಗೆದ ಗುಂಡಿ ಹಾಗೆಯೇ ಇತ್ತು. ಇಷ್ಟು ದಿನ ಅದನ್ನು ತಪ್ಪಿಸಿ ಸುತ್ತ ನೀರು ಹಾಕಿದ್ದಳು. ಬಾಟಲಿಯ ಮಣ್ಣನ್ನು ಅಂಗೈಗೆ ಸುರಿದುಕೊಂಡು, ಅಕ್ಕನಿಗೆ ಮನೆಯಲ್ಲಿಟ್ಟ ಹೆಸರನ್ನು, ಅಂಗಳದಿಂದ ಊಟಕ್ಕೆ ಕರೆಯುತ್ತಿದ್ದ ಹಾಗೆ ಒಮ್ಮೆ ಕರೆದು, ಗುಂಡಿಗೆ ಬಿಟ್ಟಳು.

ಒಂದಷ್ಟು ಬಾಟಲಿಯಲ್ಲಿ ಉಳಿಸಿ ನನ್ನ ಕಡೆ ಚಾಚಿದಳು. "ನೀನೂ ಹಾಕಲಿಲ್ಲವಲ್ಲ."

ಹಾಕಿದೆ. ಅಮ್ಮ ಮೇಲಿನಿಂದ ಅಂಗೈಯಲ್ಲಿ ತಟ್ಟಿ ಸಮ ಮಾಡಲು ನೋಡಿದಳು. ಗುಂಡಿ ಪೂರ್ತಿ ತುಂಬಲಿಲ್ಲ. ಅಲ್ಲಿ ಇಟ್ಟ ಆ ಒಂದು ಚಿಟಿಕೆಯಷ್ಟು ತಗ್ಗು ಉಳಿಯಿತು. ಪಕ್ಕದಿಂದ ಎಳೆದು ಮುಚ್ಚಲು ನಾನು ಬೆರಳು ಚಾಚಿದೆ. ಅಮ್ಮ ನನ್ನ ಕೈ ಹಿಡಿದು ತಡೆದಳು.