ಚಿಗವ್ವನ ಹಿಪ್ಪಲಿ ಕಷಾಯ

ನೆಲೋಗಿಯ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಗೋಡೆ ಹಿಡಿದು ನಡೆಯುತ್ತಿದ್ದಾಳೆಂದು ಫೋನ್ ಬಂದಾಗ ನಾನು ಕಲಬುರಗಿಯಲ್ಲಿ ಫಾರ್ಮಸಿ ಹುಡುಗರಿಗೆ ಯಕೃತ್ತಿನ ಪಾಠ ಮಾಡುತ್ತಿದ್ದೆ. ಮುಗಿಸಿದವಳೇ ಬಸ್ ಹತ್ತಿದೆ. ಚಿಗವ್ವ ವರ್ಷಗಳಿಂದ ಫಿಟ್ಸ್ ಗುಳಿಗೆ ನುಂಗುತ್ತಿದ್ದಳು. ಆಮೇಲೆ ಫಿಟ್ಸ್ ಅವಳ ಹತ್ತಿರವೂ ಸುಳಿದಿರಲಿಲ್ಲ. ಈಗ ನೋಡಿದರೆ ಮಾತು ತೊದಲುತ್ತಿತ್ತು, ಕಾಲು ತತ್ತರಿಸುತ್ತಿತ್ತು. ತಲೆಯಲ್ಲಿ ಗಡ್ಡೆಯೇ ಇರಬೇಕೆಂದು ಓಣಿ ತೀರ್ಮಾನಿಸಿಬಿಟ್ಟಿತ್ತು. ಓಣಿಗೆ ಇಂಥದ್ದರಲ್ಲಿ ಭಾರಿ ಉಮೇದು.

ಚಿಗವ್ವನೂ ಅದನ್ನೇ ನಂಬಿದ್ದಳು. ನನ್ನ ಕೈ ಹಿಡಿದು ಅತ್ತಳು.

“ನಂದು ಮುಗೀತು, ಯವ್ವಾ. ಸ್ಕ್ಯಾನ್ ಮಾಡಸಾಕ ಸೋಲಾಪುರಕ್ಕ ಒಯ್ತಾರಂತ.”

ಕಣ್ಣೀರು ಒರೆಸಲು ಹೋದವಳು ಅವಳ ಕಣ್ಣನ್ನೇ ನೋಡುತ್ತ ಕುಳಿತೆ. ಬದಿಗೆ ನೋಡು ಎಂದರೆ ಕಣ್ಣಾಲಿಗಳು ಥರಗುಟ್ಟುತ್ತಿದ್ದವು. ಆ ಗುಳಿಗೆ ರಕ್ತದಲ್ಲಿ ಮಿತಿಮೀರಿದರೆ ಹೀಗಾಗುತ್ತದೆ ಎಂದು ನಾನೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ.

“ಗುಳಿಗಿ ಹೆಚ್ಚಿಗಿ ತಗೊಂಡಿಯೇನು?” ಎಂದೆ.

“ಇಲ್ಲ ಬೇ. ದಿನಾ ಎಷ್ಟೋ ಅಷ್ಟ.”

“ಬ್ಯಾರೆ ಔಷಧ?”

“ಏನಿಲ್ಲ. ಡಾಕ್ಟರೂ ಕೇಳಿದ್ರು, ಇಲ್ಲಂತ ಹೇಳೀನಿ.”

ಅಷ್ಟರಲ್ಲಿ ಅವಳ ಸೊಸೆ ಲೋಟ ತಂದಿಟ್ಟಳು. ಮೂಗಿಗೆ ಖಾರ ಹೊಡೆಯಿತು. ಹಿಪ್ಪಲಿ, ಕರಿಮೆಣಸು ಕುಟ್ಟಿ ಹಾಕಿದ ಕಷಾಯ. ಕೆಮ್ಮು ಹತ್ತಿದಾಗಿನಿಂದ ಮೂರು ಹೊತ್ತೂ ನಡೆದಿತ್ತಂತೆ. ಕಾಲಿಗೆ ಬಲ ಬರಲೆಂದು ಈಚೆಗೆ ಮೆಣಸು ಇನ್ನಷ್ಟು ಏರಿತ್ತು.

“ಮತ್ತ ಇದು?”

“ಇದೆಲ್ಲಿ ಔಷಧ? ಇದು ಮನ್ಯಾಂದು.”

ನಾನು ಕುಣಿಯುವುದೊಂದು ಬಾಕಿ. ಗುಳಿಗೆಯನ್ನು ಒಡೆದು ಹೊರಹಾಕಲು ಯಕೃತ್ತಿನಲ್ಲಿ ಕಿಣ್ವಗಳಿರುತ್ತವೆ; ಮೆಣಸು, ಹಿಪ್ಪಲಿಯ ಖಾರ ಅವುಗಳ ಕೆಲಸಕ್ಕೆ ಅಡ್ಡ ಬರಬಲ್ಲದು. ಒಡೆಯದ ಗುಳಿಗೆ ಮೈಯಲ್ಲೇ ಸೇರುತ್ತ ಹೋಗುತ್ತದೆ. ಪುಸ್ತಕದಲ್ಲಿ ಎರಡೇ ಸಾಲಿನ ಸಂಗತಿ ನನ್ನೆದುರು ಹೊರಸಿನ ಮೇಲೆ ಅಳುತ್ತ ಕುಳಿತಿತ್ತು. ನಾನು ಗಟ್ಟಿಯಾಗಿ ನಕ್ಕೇಬಿಟ್ಟೆ. ಸೊಸೆ ನನ್ನನ್ನು ದುರುಗುಟ್ಟಿ ನೋಡಿದಳು.

ಅವಳನ್ನು ನೋಡುತ್ತಿದ್ದ ಜೇವರ್ಗಿಯ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಷಾಯ ನಿಲ್ಲಿಸಿ, ರಕ್ತ ಪರೀಕ್ಷೆಗೆ ಕಳಿಸಿದರು. ಗುಳಿಗೆಯ ಅಂಶ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಆ ವರದಿ ಓದಿ ಪಟ್ಟಷ್ಟು ಖುಷಿ ನನಗೆ ಡಿಗ್ರಿ ಬಂದ ದಿನವೂ ಆಗಿರಲಿಲ್ಲ. ಡಾಕ್ಟರು ಗುಳಿಗೆಯನ್ನು ಹೊಂದಿಸಿಕೊಟ್ಟ ಮೇಲೆ ಚಿಗವ್ವನ ನಡಿಗೆ ದಿನೇ ದಿನೇ ನೆಟ್ಟಗಾಯಿತು.

ಮುಂದಿನ ಸಲ ಹೋದಾಗ, ಗೋಡೆಯ ಹಂಗಿಲ್ಲದೆ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಳು. ಅವತ್ತು ನಕ್ಕಿದ್ದಕ್ಕೆ ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

“ಹುಚ್ಚಿ, ಎಲ್ಲಾರೂ ನನ್ನ ಮಾರಿ ನೋಡಿ ಅಳಾಕತ್ತಿದ್ರು. ನೀ ನಕ್ಕಾಗನ ನಾ ಸಾಯಂಗಿಲ್ಲ ಅಂತ ಗೊತ್ತಾತು ನನಗ.”