ಎಲೆ ತೋರಿಸದೆ ಔಷಧವಿಲ್ಲ

ಔಷಧದ ಅಂಗಡಿಯ ಚಾಚಾರ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಅದು ಹುಟ್ಟಿನಿಂದ ಬಂದ ಊನವಲ್ಲ. ನಲವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಹಿಡಿದು ದ್ರಾಕ್ಷಿ ಎಲೆ ನೋಡಿ ನೋಡಿ, ಎಡಗಣ್ಣು ಪೂರ್ತಿ ತೆರೆಯುವುದನ್ನೇ ಮರೆತುಬಿಟ್ಟಿತ್ತು. ಆ ಭೂತಗನ್ನಡಿ ಕರಿ ದಾರದಲ್ಲಿ ಅವರ ಕೊರಳಿಗೆ ತೂಗುತ್ತಿತ್ತು. ಹೊಸ ಗಿರಾಕಿಗಳು ಮುದುಕ ತಮಗೆ ಕಣ್ಣು ಹೊಡೆಯುತ್ತಿದ್ದಾನೆಂದು ತಿಳಿದು ಗಲಿಬಿಲಿಗೊಳ್ಳುವುದನ್ನು ನಾನೇ ನೋಡಿದ್ದೇನೆ.

ಕಾಗವಾಡದಲ್ಲಿ ಅವರದು ಬೆಳೆಗೆ ಹೊಡೆಯುವ ಔಷಧ ಮಾರುವ ಅಂಗಡಿ. ಹತ್ತಡಿ ಅಗಲ, ಒಳಗೆಲ್ಲ ಗಂಧಕದ ವಾಸನೆ. ಅಲ್ಲಿ ಒಂದೇ ಕಾನೂನು ನಡೆಯುತ್ತಿತ್ತು: ಎಲೆ ತೋರಿಸದೆ ಔಷಧವಿಲ್ಲ. ನಮಗೆ "ಎಲಿ ತಂದೀಯೇನಪಾ?" ಎನ್ನುವರು. ಗಡಿಯಾಚೆಯಿಂದ ಬಂದವರಿಗೆ "ಆಧೀ ಪಾನ ದಾಖವಾ" ಎಂದು ಅದನ್ನೇ ಮರಾಠಿಯಲ್ಲಿ ಹೇಳುವರು. ಎಲೆ ಕೊಟ್ಟರೆ ಹೊರಗೆ ಬಿಸಿಲಿಗೆ ಬಂದು, ಅದನ್ನು ತಿರುವಿ, ನರಗಳನ್ನು ಬೆರಳಿಂದ ಸವರಿ, ಆಮೇಲೆ ಭೂತಗನ್ನಡಿ ಎತ್ತುವರು. ಅದಾದ ಮೇಲೆ ಎರಡು ಪ್ರಶ್ನೆ. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸಿ ಎಷ್ಟು ದಿನವಾಯಿತು? ಕಟಾವಿಗೆ ಎಷ್ಟು ದಿನ ಉಳಿದಿದೆ? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆಯೇ ಅವರ ಕೈ ಕಪಾಟಿಗೆ ಹೋಗುತ್ತಿತ್ತು. ಎಷ್ಟೋ ಸಲ ಹೋಗುತ್ತಲೂ ಇರಲಿಲ್ಲ. ಇದು ರೋಗವಲ್ಲ, ನೀರು ಹೆಚ್ಚಾಗಿದೆ, ನಾಲ್ಕು ದಿನ ನೀರು ನಿಲ್ಲಿಸು ಎಂದು ಬರಿಗೈಯಲ್ಲಿ ಕಳಿಸಿಬಿಡುವರು.

ಎದುರಿನ ಅಂಗಡಿಯವನು ಕೇಳಿದ್ದನ್ನು ಕೇಳಿದಷ್ಟು ಕೊಡುತ್ತಿದ್ದ. ಆದರೆ ಅವನ ಬಾಟಲಿಯೊಳಗೆ ಔಷಧವೆಷ್ಟು, ನೀರೆಷ್ಟು ಎಂಬುದು ಆ ದೇವರಿಗೇ ಗೊತ್ತು. ಚಾಚಾರ ಮಾಲು ಅಸಲಿ. ಅವರ ಅಂಗಡಿಗೆ ಹೋಗಬೇಕಾದರೆ ಅರ್ಧ ತೋಟ ಕಟ್ಟಿಕೊಂಡು ಹೋಗಬೇಕು ಎಂದು ನಗುತ್ತಿದ್ದೆವು. ನಗುತ್ತಲೇ ಅಲ್ಲಿಗೆ ಹೋಗುತ್ತಿದ್ದೆವು.

ಒಮ್ಮೆ ಯಾವುದೋ ಕಂಪನಿಯವರು ಅಂಗಡಿಕಾರರನ್ನೆಲ್ಲ ನಿಪ್ಪಾಣಿಯ ಹೋಟೆಲಿಗೆ ಕರೆದು, ವ್ಯಾಪಾರದಲ್ಲಿ ನೀತಿ ಎಂಬ ವಿಷಯದ ಮೇಲೆ ಭಾಷಣ ಮಾಡಿಸಿದರು. ಹೇಗಿತ್ತು ಎಂದು ಕೇಳಿದರೆ, "ಊಟ ಚಲೋ ಇತ್ತು" ಎಂದರು ಚಾಚಾ. ಊಟವಾದ ಮೇಲೆ ಭಾಷಣ ಮಾಡಿದ ಸಾಹೇಬನೇ ಬಂದು, ಅವಧಿ ಮುಗಿಯಲು ಬಂದ ಮಾಲನ್ನು ಈ ಹಂಗಾಮಿನಲ್ಲಿ ಹೇಗಾದರೂ ರೈತರಿಗೆ ದಾಟಿಸಿ ಎಂದು ಕಿವಿಯಲ್ಲಿ ಹೇಳಿದನಂತೆ. ನೀತಿ ಗೀತಿ ಎಂಬ ಮಾತು ಚಾಚಾರ ಬಾಯಿಂದ ನಾನು ಕೇಳಿದವನಲ್ಲ. ಅವತ್ತು ಗೊಬ್ಬರದ ಚೀಲದ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದ್ದು ಇಷ್ಟೇ:

"ತಮ್ಮಾ, ನನಗ ಇಬ್ಬರ ಗಿರಾಕಿ. ಒಬ್ಬಾಂವ ಎದುರಿಗೆ ನಿಂತಿರ್ತಾನ, ನಿನ್ನಂಗ. ಇನ್ನೊಬ್ಬಾಂವ ಕಾಣ್ಸೂದಿಲ್ಲ, ಹಣ್ಣ ತಿನ್ನಾಂವ. ಅಂವಗ ಇಲ್ಲಿತನಕ ಬಂದ ಕೇಳಾಕ ಆಗೂದಿಲ್ಲ. ಅದಕ್ಕ ಅಂವನ ಬದ್ಲಿ ನಾ ಕೇಳ್ತೇನಿ."

ತೋಟ ಹಾಕಿದ ವರ್ಷದಿಂದಲೂ ಅವರು ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು. ದ್ರಾಕ್ಷಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಅಂಗಡಿಯ ಕಟ್ಟೆಯ ಮೇಲೆ ಕಲಿತದ್ದು.

ಇನ್ನು ನನ್ನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಮುಂದೂಡಲಿಕ್ಕೇ.

ಮಂಗಸೂಳಿ ದಾರಿಯಲ್ಲಿ ನನ್ನ ಎರಡೆಕರೆ ದ್ರಾಕ್ಷಿ ಇದೆ. ಆ ವರ್ಷ ಪರದೇಶಕ್ಕೆ ಹಣ್ಣು ಕಳಿಸುವ ವ್ಯಾಪಾರಿಯೊಬ್ಬ ತೋಟ ನೋಡಿ ಒಪ್ಪಿ ಹೋಗಿದ್ದ. ಕಟಾವಿಗೆ ಹತ್ತು ದಿನ ಇರುವಾಗ ಗೊನೆಗಳ ಮೇಲೆ ಬೂದಿ ರೋಗ ಕಾಣಿಸಿತು. ಅದನ್ನು ಒಂದೇ ಸಲಕ್ಕೆ ನಿಲ್ಲಿಸುವ ಔಷಧ ಯಾವುದೆಂದು ನನಗೆ ಗೊತ್ತಿತ್ತು. ಹೊಡೆದ ಮೇಲೆ ಒಂದು ತಿಂಗಳು ಹಣ್ಣು ಕೀಳಬಾರದು ಎಂಬುದೂ ಗೊತ್ತಿತ್ತು. ನಿಜ ಹೇಳಿದರೆ ಚಾಚಾ ಏನನ್ನುತ್ತಾರೆಂಬುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿತ್ತು: ಕೆಟ್ಟ ಗೊನೆ ಕತ್ತರಿಸಿ ಒಗೆ, ಉಳಿದದ್ದು ಮಾರು.

ಅದಕ್ಕೇ ನಿಜ ಹೇಳಲಿಲ್ಲ. ಬೆಳಿಗ್ಗೆಯೇ ಗಾಡಿ ಹತ್ತಿ ಪಾಲಬಾವಿಯಲ್ಲಿರುವ ನನ್ನ ಹೆಂಡತಿಯ ಅಣ್ಣನ ತೋಟಕ್ಕೆ ಹೋದೆ. ಅವನು ಚಾಟ್ನಿ ತಡವಾಗಿ ಮಾಡಿದ್ದ, ಕಾಯಿ ಇನ್ನೂ ಕಡಲೆಕಾಳಿನಷ್ಟಿದ್ದವು. ಅಲ್ಲಿ ಬೂದಿ ಹಿಡಿದ ಎಳೆಯ ಎಲೆಯೊಂದನ್ನು ಕಿತ್ತು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದು ಚಾಚಾರ ಕೈಗಿಟ್ಟೆ. ಚಾಟ್ನಿಯಾಗಿ ಅರವತ್ತು ದಿನ, ಕಟಾವಿಗೆ ಇನ್ನೂ ಎರಡು ತಿಂಗಳಿದೆ ಎಂದೆ. ಅವರು ಬಿಸಿಲಿಗೆ ಹಿಡಿದು ನೋಡಿದರು. ಎಲೆ ನನ್ನ ಮಾತಿಗೆ ಸಾಕ್ಷಿ ಹೇಳಿತು. ತಮ್ಮ ಪದ್ಧತಿಯಂತೆ ಬಾಟಲಿಯ ಮೇಲೆ "ಮೂವತ್ತು ದಿನ ಹಣ್ಣು ಮುಟ್ಟಬ್ಯಾಡ" ಎಂದು ದಪ್ಪಗೆ ಬರೆದು ಕೊಟ್ಟರು. ಮನೆಗೆ ಬರುವ ದಾರಿಯಲ್ಲಿ ಆ ಅಕ್ಷರ ಕಾಣದಂತೆ ಬಾಟಲಿಯನ್ನು ಚೀಲದೊಳಗೆ ತಿರುಗಿಸಿ ಇಟ್ಟುಕೊಂಡೆ.

ಗೊನೆಗಳೇನೋ ಹೊಳೆದವು. ಆದರೆ ಕಟಾವಿಗೆ ಮೊದಲು ಒಯ್ದ ಸ್ಯಾಂಪಲ್, ಔಷಧದ ಅಂಶ ಉಳಿದಿದೆ ಎಂದು, ತಪಾಸಣೆಯಲ್ಲಿ ಫೇಲಾಯಿತು. ವ್ಯಾಪಾರಿ ಸಿಟ್ಟಿನಿಂದ ಬಂದು, ಸುತ್ತಲಿನ ಬೆಳೆಗಾರರೆಲ್ಲ ಸೇರಿದ್ದಾಗ, ಔಷಧ ಯಾವ ಅಂಗಡಿಯದು ಎಂದು ಕೇಳಿದ. ಚಾಚಾರ ಅಂಗಡಿಯದು ಎಂದೆ. ಕಟಾವು ಹತ್ತಿರವಿದೆ ಎಂಬುದು ಕೊಟ್ಟವರಿಗೆ ತಿಳಿಯಲಿಲ್ಲವೇ ಎಂದ. ನಾನು ನೆಲ ನೋಡುತ್ತ ನಿಂತೆ. ಅಷ್ಟು ಸಾಕಾಯಿತು. ಆ ಅಂಗಡಿಯ ಔಷಧ ಹೊಡೆದವರ ತೋಟಕ್ಕೆ ತಾನು ಕಾಲಿಡುವುದಿಲ್ಲ ಎಂದು ಹೇಳಿ ಅವನು ಹೋದ. ಚಾಚಾ ನೋಡದೆ ಕೊಟ್ಟರಂತೆ ಎಂಬ ಮಾತು ವಾರದೊಳಗೆ ಅಥಣಿಯವರೆಗೂ ಮುಟ್ಟಿತು. ಪರದೇಶಕ್ಕೆ ಬೇಡವಾದ ಹಣ್ಣನ್ನು ನಾನು ಬೇರೊಬ್ಬನಿಗೆ ಕೊಟ್ಟೆ. ಅದು ನಮ್ಮದೇ ಪೇಟೆಗಳಿಗೆ ಹೋಯಿತು. ಯಾರ ಮನೆಯ ಕೂಸು ತಿಂದಿತೋ, ಇವತ್ತಿಗೂ ನನಗೆ ತಿಳಿಯದು. ನಾವು ಮಾತ್ರ ಮನೆಯಲ್ಲಿ ಆ ವರ್ಷ ದ್ರಾಕ್ಷಿ ತಿನ್ನಲಿಲ್ಲ.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಚಾಚಾ ತೋಟಕ್ಕೆ ಬಂದರು. ಹಣ್ಣು ಕಿತ್ತು ಬರಿದಾದ ಬಳ್ಳಿಯಿಂದ ಒಂದು ಎಲೆ ಹರಿದುಕೊಂಡರು. ಬಲಿತು ಒರಟಾದ ಎಲೆ. ಭೂತಗನ್ನಡಿ ಎತ್ತಲೂ ಇಲ್ಲ, ಬೆರಳಲ್ಲಿ ತಿಕ್ಕಿ ನೋಡಿದರು.

"ಅವತ್ತ ತಂದಿದ್ದು ಈ ಬಳ್ಳಿ ಎಲಿ ಅಲ್ಲ ಬಿಡ್ರಿ, ಸಾವ್ಕಾರ್ರ" ಎಂದರು.

ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಅವರಿಗೆ ಸಾವ್ಕಾರನಾಗಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಎಲೆಯನ್ನು ನನ್ನ ಕೈಗೆ ಕೊಟ್ಟು, "ತಪ್ಪ ನಂದೂ ಐತ್ರಿ. ನಾ ಎಲಿ ನೋಡಿದೆ, ತಂದಾಂವನ ನೋಡಲಿಲ್ಲ" ಎಂದು ಹೇಳಿ ಹೊರಟುಹೋದರು.

ಅವರು ಯಾರಿಗೂ ಹೇಳಲಿಲ್ಲ. ವ್ಯಾಪಾರಿಗೂ ಹೇಳಲಿಲ್ಲ, ಅಂಗಡಿಯ ಎದುರೇ ಆಡಿಕೊಂಡವರಿಗೂ ಹೇಳಲಿಲ್ಲ. ಗಿರಾಕಿಯ ವಿಷಯವನ್ನು ಅಂಗಡಿಯ ಹೊಸ್ತಿಲು ದಾಟಿಸುವುದು ಅವರ ಪದ್ಧತಿಯಲ್ಲ. ಆ ಪದ್ಧತಿ ನನ್ನನ್ನು ಉಳಿಸಿತು, ಅವರನ್ನು ಮುಳುಗಿಸಿತು. ಅಂಗಡಿಗೆ ಹೋಗುವವರು ಕಡಿಮೆಯಾದರು. ನಾನೂ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ಬಸ್ಸಿನಲ್ಲಿ ಆ ರಸ್ತೆ ಹಿಡಿದು ಹೋಗುವಾಗ ನೋಡುತ್ತಿದ್ದೆ, ಅವರು ಕಟ್ಟೆಯ ಮೇಲೆ ಒಬ್ಬರೇ ಕೂತು ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿರುತ್ತಿದ್ದರು.

ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದಾಗ ಮನೆಗೆ ಹೋದೆ. ಪಕ್ಕದಲ್ಲಿ ಕೂತು, ಎಲ್ಲಿಂದ ಎಲೆ ತಂದೆ, ಏನು ಸುಳ್ಳು ಹೇಳಿದೆ ಎಂಬುದನ್ನೆಲ್ಲ ಮೊದಲಿಂದ ಹೇಳಿ ಅತ್ತೆ. ಅವರು ನನ್ನ ಕೈ ಮೇಲೆ ಕೈ ಇಟ್ಟರು.

"ನನಗ ಹೇಳಿ ಏನ ಮಾಡ್ತಿ ತಮ್ಮಾ, ನನಗ ಗೊತ್ತೈತಲ್ಲ. ಗೊತ್ತಿಲ್ಲದವರಿಗೆ ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಈ ಕಟಾವು ಮುಗಿಯಲಿ ಎಂದುಕೊಂಡೆ. ಅದು ಮುಗಿದ ಮೇಲೆ ಮಗಳ ಲಗ್ನದ ಮಾತುಕತೆ ನಡೆದಿತ್ತು, ಬೀಗರ ಕಿವಿಗೆ ಬೀಳುವುದು ಬೇಡವೆನಿಸಿತು. ಹೇಳದಿರುವುದಕ್ಕೆ ಕಾರಣಗಳಿಗೇನು ಬರ? ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು.

ಖಬರಸ್ತಾನದಲ್ಲಿ ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿ ಹೊರಗೆ ಬಂದೆ. ಗೇಟಿನ ಬಳಿ ಬೇವಿನ ಮರದ ಕೆಳಗೆ ನಮ್ಮ ದ್ರಾಕ್ಷಿ ಬೆಳೆಗಾರರೆಲ್ಲ ನಿಂತಿದ್ದರು. ಅವತ್ತು ವ್ಯಾಪಾರಿ ನನ್ನನ್ನು ಕೇಳಿದಾಗ ಸುತ್ತ ನಿಂತಿದ್ದವರೇ ಇವರು. ಇನ್ನು ತಡೆಯಲಾಗಲಿಲ್ಲ. ಚಾಚಾ ತಪ್ಪು ಮಾಡಿರಲಿಲ್ಲ, ಬೇರೆ ತೋಟದ ಎಲೆ ತೋರಿಸಿ ನಾನೇ ಅವರಿಗೆ ಮೋಸ ಮಾಡಿದೆ ಎಂದು ಹೇಳಿದೆ. ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿಯಲಿ ಎಂದೇ ಬಯಸಿದ್ದೆ.

ಯಾರೂ ಬೆಚ್ಚಲಿಲ್ಲ. ಒಬ್ಬ ಮೊಬೈಲು ನೋಡತೊಡಗಿದ. ನನಗಿಂತ ಹಿರಿಯ ಬೆಳೆಗಾರರೊಬ್ಬರು ಹೆಗಲ ಮೇಲೆ ಕೈಯಿಟ್ಟು, ಸಮಾಧಾನ ಹೇಳುವವರಂತೆ ಅಂದರು: "ಅದಕ್ಯಾಕ ಇಷ್ಟ ತಲಿ ಕೆಡಿಸ್ಕೊಂಡೀರಿ? ಬ್ಯಾರೆ ತ್ವಾಟದ ಎಲಿ ಒಯ್ದಾವ್ರು ನೀವೊಬ್ಬರ ಏನು? ನಾವೆಲ್ಲಾ ಒಯ್ದೇವಿ."

ಉಳಿದವರು ಇಲ್ಲ ಎನ್ನಲಿಲ್ಲ. ಹಾಗಾದರೆ ಅವತ್ತು ನಾನು ನೆಲ ನೋಡುತ್ತ ನಿಂತಾಗ ಇವರಿಗೆಲ್ಲ ವಿಷಯ ತಿಳಿದೇ ಇತ್ತು. ಬಾಯಿ ಬಿಟ್ಟರೆ ತಮ್ಮ ಎಲೆಯ ಮಾತೂ ಬರುತ್ತದೆಂದು ಸುಮ್ಮನಿದ್ದರು. ಇವರೇ ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟವರು. ಸ್ವಲ್ಪ ಹೊತ್ತಿಗೆ ಮಾತು ಈ ಸಲದ ರೇಟಿನ ಕಡೆಗೆ ತಿರುಗಿತು. ನಾನು ಒಬ್ಬನೇ ಊರಿನ ಬಸ್ಸು ಹತ್ತಿದೆ.

ಗೊತ್ತಿಲ್ಲದವರಿಗೆ ಹೇಳು ಎಂದಿದ್ದರು ಚಾಚಾ. ಆ ಬೇವಿನ ಮರದ ಕೆಳಗೆ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.